ಅಪಿಯೋ ಮಾಡಿಸಿದ ವಿಮೆ

ಕಿಸುಮು ನಗರದಲ್ಲಿ ಫೋನಿನ ಆ್ಯಪ್ ನೋಡಿಕೊಂಡು ಬಾಡಿಗೆಗೆ ಕಾರು ಓಡಿಸುವ ನಮ್ಮ ಗುಂಪಿನಲ್ಲಿ ಅಪಿಯೋ ಒಬ್ಬಳೇ ಹೆಂಗಸು. ನಾವೆಲ್ಲ ಅಗ್ಗವೆಂದು ಮನೆ ಕಾರಿನ ವಿಮೆ ಮಾಡಿಸಿದ್ದೆವು. ಬಾಡಿಗೆ ಕೊಟ್ಟು ಕೂತವರಿಗೆ ಪೆಟ್ಟಾದರೆ ಅದರಿಂದ ಬಿಡಿಗಾಸೂ ಬರುವುದಿಲ್ಲ. ಅವಳು ಮಾತ್ರ ಹಟ ಹಿಡಿದು ಟ್ಯಾಕ್ಸಿ ವಿಮೆಯನ್ನೇ ಮಾಡಿಸಿದ್ದಳು.

"ಏನಮ್ಮಾ, ದಿನಾ ಮಂತ್ರಿಗಳನ್ನ ಕೂರಿಸ್ಕೊಂಡು ಓಡಾಡ್ತೀಯಾ?" ಎಂದು ನಮ್ಮ ಗುಂಪಿನ ಡ್ರೈವರ್ ಒಗುಟು, ಊಟಕ್ಕೆ ಕೂತು ಮೀನು ತಿನ್ನುತ್ತ, ಅವಳನ್ನು ಕಿಚಾಯಿಸುತ್ತಿದ್ದ.

"ನಿನ್ನಂಥೋರನ್ನೂ ಕೂರಿಸ್ಕೋತೀನಲ್ಲ, ಅದಕ್ಕೇ," ಎನ್ನುತ್ತಿದ್ದಳು.

ಒಂದು ಬೆಳಿಗ್ಗೆ ಮಾರುಕಟ್ಟೆಯ ಬಳಿ ಅಡ್ಡ ಬಂದ ಮೇಕೆಯನ್ನು ತಪ್ಪಿಸಲು ಹೋಗಿ ಅವಳ ಕಾರು ಚರಂಡಿಗೆ ನುಗ್ಗಿತು. ಹಿಂದೆ ಕೂತಿದ್ದ ದರ್ಜಿ ಒಮೊಲೊನ ಕಾಲು ಮುರಿಯಿತು. ನಾನು ಓಡಿ ಬರುವಷ್ಟರಲ್ಲಿ ಪೊಲೀಸರೂ ಬಂದಿದ್ದರು. ಮನೆ ಕಾರಿನ ವಿಮೆಯಿಟ್ಟುಕೊಂಡು ಬಾಡಿಗೆಗೆ ಓಡಿಸಿದ್ದು ಗೊತ್ತಾದರೆ ಡ್ರೈವರ್ ಸಿಕ್ಕಿಬೀಳುತ್ತಾನೆಂಬುದು ಊರಿಗೇ ಗೊತ್ತು. ಪುಣ್ಯಾತ್ಮ ಒಮೊಲೊ ಆ ನೋವಿನಲ್ಲೂ, "ಸಾರ್, ಇವ್ರು ನಮ್ಮಕ್ಕ. ಸುಮ್ನೆ ನನ್ನ ಬಿಟ್ಬರೋಕೆ ಹೊರಟಿದ್ರು," ಎಂದ.

ಅಪಿಯೋ ಅವನ ತಲೆ ಸವರಿದಳು. "ನನಗೋಸ್ಕರ ಸುಳ್ಳು ಹೇಳ್ಬೇಡಪ್ಪ." ಆಮೇಲೆ ಪೊಲೀಸನತ್ತ ತಿರುಗಿ ಎಲ್ಲರಿಗೂ ಕೇಳುವಂತೆ ಹೇಳಿದಳು: "ಬಾಡಿಗೆ ಕೊಟ್ಟು ಕೂತೋರು ಸಾರ್. ಇವರ ಕಾಲಿಗೂ ಸೇರಿಸೇ ವಿಮೆ ಮಾಡ್ಸಿದೀನಿ."

ನಮ್ಮವರೊಬ್ಬರು ಪೊಲೀಸರೆದುರು ಹಾಗೆ ತಲೆಯೆತ್ತಿ ಮಾತಾಡಿದ್ದನ್ನು ನಾನು ಕಂಡದ್ದು ಅದೇ ಮೊದಲು. ನನ್ನ ಎದೆಯೂ ಉಬ್ಬಿತು.

ಆಸ್ಪತ್ರೆಯ ಖರ್ಚನ್ನೆಲ್ಲ ವಿಮೆ ಕಂಪನಿಯೇ ಕೊಟ್ಟಿತು. ಮಳೆಗಾಲ ಮುಗಿಯುವಷ್ಟರಲ್ಲಿ ಒಮೊಲೊ ಕುಂಟದೆ ನಡೆದು ಅಂಗಡಿ ತೆರೆದ.

"ಆ ಆಫೀಸು ಎಲ್ಲಿದೆ, ನಮಗೂ ತೋರ್ಸಮ್ಮಾ," ಎಂದು ಕೊನೆಗೆ ಕೇಳಿದವನು ಒಗುಟುವೇ. ಮರುದಿನ ಅಪಿಯೋ ಮುಂದೆ ನಡೆದಳು. ನಾವೆಲ್ಲ ಅವಳ ಹಿಂದೆ ಹೋದೆವು.