ಒಂಬತ್ತನೇ ಅಧ್ಯಾಯದ ಭಾನುವಾರ

ಆಗ ನಮ್ಮ ಮನೆಯಲ್ಲಿ ಕಂಪ್ಯೂಟರ್ ಇತ್ತು, ಅದರಲ್ಲಿ ಕನ್ನಡ ಇರಲಿಲ್ಲ. ಊರಿಗೆ ಫೋನ್ ಮಾಡಲು ಅಪ್ಪ ಅಂಗಡಿಯಿಂದ ಕಾರ್ಡ್ ತರುತ್ತಿದ್ದರು. ಅದರ ಬೆಳ್ಳಿ ಪಟ್ಟಿಯನ್ನು ಉಗುರಿನಿಂದ ಕೆರೆದು ನಂಬರು ಓದುವ ಕೆಲಸ ನನ್ನದು. ಎರಡು ಸಾವಿರದ ಇಸವಿ ಕಳೆದು ಕೆಲವೇ ವರ್ಷಗಳಾಗಿದ್ದವು. ಸ್ವೀಡನ್ನಿನ ಉಪ್ಸಾಲಾದಲ್ಲಿ ಬೆಳೆಯುತ್ತಿದ್ದ ನನ್ನಂಥ ಮಕ್ಕಳಿಗೆ ಕನ್ನಡ ಕಿವಿಯಲ್ಲಿ ಮಾತ್ರ ಇತ್ತು. ನನಗೆ ಅದು ಕಣ್ಣಿಗೂ ಬಂದದ್ದು ಹತ್ತನೇ ವಯಸ್ಸಿನ ಒಂದು ಚಳಿಗಾಲದಲ್ಲಿ, ಅಮ್ಮನ ಸತ್ಯವೇದದಿಂದ, ಎಂದರೆ ಕನ್ನಡ ಬೈಬಲಿನಿಂದ.

ನಾವು ಉಡುಪಿ ಕಡೆಯ ಕ್ರೈಸ್ತರು. ಅಪ್ಪ ವಿಶ್ವವಿದ್ಯಾಲಯದಲ್ಲಿ ಸಂಶೋಧಕರಾಗಿದ್ದರು. ಎರಡು ವಾರಕ್ಕೊಮ್ಮೆ ಭಾನುವಾರ ಮಧ್ಯಾಹ್ನ ಎಂಟು ಹತ್ತು ಮಂದಿ ಕನ್ನಡದವರು ನಮ್ಮ ಕಟ್ಟಡದ ನೆಲಮಾಳಿಗೆಯ ಕೋಣೆಯಲ್ಲಿ ಸೇರಿ ಸತ್ಯವೇದ ಓದುತ್ತಿದ್ದರು. ಗೋಡೆಯಾಚೆ ಬಟ್ಟೆ ಒಗೆಯುವ ಕೋಣೆ. ಅಲ್ಲಿಂದ ಬರುವ ಬಿಸಿ ಸೋಪಿನ ವಾಸನೆ, ಬಾಗಿಲ ಬಳಿ ಬಿಟ್ಟ ಒದ್ದೆ ಬೂಟುಗಳ ವಾಸನೆ, ಕಾಫಿ, ಏಲಕ್ಕಿ ಬನ್ನು, ಗುಂಪಿನ ರೂಬಿ ಆಂಟಿ ಡಬ್ಬಿ ತುಂಬ ತರುತ್ತಿದ್ದ ನಿಪ್ಪಟ್ಟಿನ ಇಂಗು, ಎಲ್ಲ ಸೇರಿ ಒಂದೇ ವಾಸನೆಯಾಗಿ ನನ್ನ ಮೂಗಿನಲ್ಲಿ ಉಳಿದಿದೆ.

ಓದಿಸುತ್ತಿದ್ದವರು ಜಯವಂತ ಅಂಕಲ್. ಅವರು ಪಾದ್ರಿಯಲ್ಲ, ಗದಗದಿಂದ ಬಂದು ಕೆಮಿಸ್ಟ್ರಿಯಲ್ಲಿ ಪಿಎಚ್‌ಡಿ ಮಾಡುತ್ತಿದ್ದವರು. ಮೇಜಿನ ಮೇಲೆ ಕನ್ನಡ, ಸ್ವೀಡಿಷ್, ಇಂಗ್ಲಿಷ್ ಮೂರೂ ಸತ್ಯವೇದಗಳನ್ನು ಬಿಚ್ಚಿಡುತ್ತಿದ್ದರು. ಒಂದು ಭಾಗ ಓದಿದ ಮೇಲೆ ಐದು ನಿಮಿಷ ಯಾರೂ ಮಾತಾಡುವಂತಿಲ್ಲ. ಆಮೇಲೆ ಯಾರಾದರೂ ಉಪದೇಶ ಶುರು ಮಾಡಿದರೆ ಅಂಕಲ್ ಕೈಯೆತ್ತುತ್ತಿದ್ದರು.

"ಸ್ವಲ್ಪ ತಡೀರಿ. ಇದು ಅಲ್ಲಿ ಬರೆದಿದೆಯಾ, ನಿಮಗೆ ಅನಿಸಿದ್ದಾ?"

ನಮ್ಮ ಮುಂದೆ ಬೆಂಗಳೂರಿನ ಕನ್ನಡ ಮಾತಾಡುತ್ತಿದ್ದರೂ ಉತ್ಸಾಹ ಹೆಚ್ಚಾದಾಗ ಗದಗ ಹೊರಬರುತ್ತಿತ್ತು: "ಯಾರು ಅಂದಾರ? ಯಾರಿಗೆ ಅಂದಾರ? ಅದನ್ನ ಹೇಳ್ರಿ ಮೊದಲ!"

ಬೇರೆ ಮಕ್ಕಳು ಹೊರಗೆ ಹಿಮದ ದಿಣ್ಣೆಯಲ್ಲಿ ಜಾರಿ ಆಡುತ್ತಿದ್ದರು. ನಾನು ಒಳಗೇ ಇರುತ್ತಿದ್ದೆ, ಏಕೆಂದರೆ ತಮ್ಮ ಆಶು ನನ್ನನ್ನು ಬಿಡುತ್ತಿರಲಿಲ್ಲ. ಅವನಿಗೆ ನಾಲ್ಕು ವರ್ಷ. ಹುಟ್ಟಿನಿಂದ ಕಿವಿ ಕೇಳುತ್ತಿರಲಿಲ್ಲ. ಡಾಗಿಸ್‌ನಲ್ಲಿ, ಎಂದರೆ ಅವನ ಶಿಶುವಿಹಾರದಲ್ಲಿ, ಎಲ್ಲರೂ ಅವನೊಂದಿಗೆ ಕೈಸನ್ನೆಯ ಭಾಷೆಯಲ್ಲಿ ಮಾತಾಡುತ್ತಿದ್ದರು. ನಾವೂ ಮನೆಯಲ್ಲಿ ಅದನ್ನು ಕಲಿಯುತ್ತಿದ್ದೆವು.

ನವೆಂಬರಿನ ಒಂದು ಭಾನುವಾರ ಕಾಫಿ ಕುಡಿಯುತ್ತಿದ್ದಾಗ ರೂಬಿ ಆಂಟಿ ಅಮ್ಮನ ಬೆನ್ನು ಸವರುತ್ತ ಹೇಳಿದರು: "ಮಗು ಹೀಗೆ ಹುಟ್ಟಿದೆ ಅಂದ್ರೆ ತಂದೆತಾಯಿ ಏನೋ ತಪ್ಪು ಮಾಡಿರ್ತಾರೆ ಕಣೆ. ಉಪವಾಸ ಇದ್ದು ಪ್ರಾರ್ಥನೆ ಮಾಡು. ದೇವರು ಕ್ಷಮಿಸ್ತಾರೆ."

ಅವರು ಪ್ರೀತಿಯಿಂದಲೇ ಹೇಳಿದ್ದರು. ಅಮ್ಮ ಕಪ್ಪನ್ನು ಮೇಜಿನ ಮೇಲಿಟ್ಟು ಆಶುವಿನ ಕೋಟಿಗೆ ಗುಂಡಿ ಹಾಕತೊಡಗಿದರು. ಆ ವಾರದಿಂದ ಬುಧವಾರ, ಶುಕ್ರವಾರ ಅವರು ಊಟ ಬಿಟ್ಟರು. ಒಮ್ಮೆ ಅಡುಗೆಮನೆಯಲ್ಲಿ ಅಪ್ಪನಿಗೆ ಹೇಳುತ್ತಿದ್ದದ್ದು ನನ್ನ ಕಿವಿಗೆ ಬಿತ್ತು: "ನಾನು ಏನು ಮಾಡಿದ್ದೆ ಅಂತ ನೆನಪಿಸ್ಕೊಳ್ತಾನೇ ಇದ್ದೀನಿ. ಸಿಗ್ತಾ ಇಲ್ಲ."

ಅದೇ ದಿನಗಳಲ್ಲಿ ನಾನು ಕನ್ನಡ ಅಕ್ಷರ ಕಲಿಯುತ್ತಿದ್ದೆ. ಒತ್ತಕ್ಷರ ಬಂದಲ್ಲೆಲ್ಲ ಎಡವುತ್ತಿದ್ದೆ. ಕ್ರಿಸ್‌ಮಸ್‌ಗೆ ಮೊದಲು ಒಂದು ಭಾಗವನ್ನು ನೀನೇ ಎಲ್ಲರೆದುರು ಓದಬೇಕು ಎಂದು ಜಯವಂತ ಅಂಕಲ್ ಹೇಳಿದ್ದರು. ನಾವು ಯೋಹಾನನ ಸುವಾರ್ತೆಯನ್ನು ಸಾಲಾಗಿ ಓದುತ್ತಿದ್ದೆವು. ನನ್ನ ಪಾಲಿಗೆ ಬಂದದ್ದು ಒಂಬತ್ತನೇ ಅಧ್ಯಾಯ. ಎರಡು ವಾರ ಕೂತು ಮೊದಲ ಸಾಲುಗಳ ಅಕ್ಷರ ಕೂಡಿಸಿದೆ. ಅರ್ಥದ ಕಡೆ ನನ್ನ ಗಮನವೇ ಇರಲಿಲ್ಲ.

ಆ ಭಾನುವಾರ ಬೆಳಿಗ್ಗೆ ಅಮ್ಮ, "ಇವತ್ತು ಹೋಗೋದು ಬೇಡ ನಿಮ್ಮಿ" ಎಂದರು.

"ಯಾಕಮ್ಮ? ನಾನು ಓದ್ಬೇಕು!"

"ಅದು ಹುಟ್ಟುಕುರುಡನ ಕಥೆ. ಎಲ್ಲರೂ ಆಶೂನೇ ನೋಡ್ತಾರೆ."

ನಾನು ಅತ್ತುಬಿಟ್ಟೆ. ಕೊನೆಗೆ ಅಮ್ಮ ತಾವೇ ಸತ್ಯವೇದ ಎತ್ತಿಕೊಂಡು ಆಶುವಿನ ಕೈ ಹಿಡಿದು ಮೆಟ್ಟಿಲಿಳಿದರು.

ನಾನು ಓದಿದೆ. ನಾಲ್ಕು ಸಾಲಿಗೆ ಎಷ್ಟು ಹೊತ್ತು ತೆಗೆದುಕೊಂಡೆನೋ! ಯಾರೂ ಮುಂದಿನ ಪದ ಹೇಳಿಕೊಡಲಿಲ್ಲ, ಕಾದರು. ಯೇಸುವಿನ ಜೊತೆಗಿದ್ದವರು ದಾರಿಯಲ್ಲಿ ಹುಟ್ಟುಕುರುಡನೊಬ್ಬನನ್ನು ಕಂಡು, ಇದು ಇವನ ಪಾಪವೋ, ಇವನನ್ನು ಹೆತ್ತವರ ಪಾಪವೋ ಎಂದು ಕೇಳುವಲ್ಲಿಗೆ ಬಂದು ಉಸಿರು ತೆಗೆದುಕೊಳ್ಳಲು ನಿಂತೆ.

"ನೋಡಿ, ಬರೆದೇ ಇದೆಯಲ್ಲ" ಎಂದರು ರೂಬಿ ಆಂಟಿ.

ಅಮ್ಮನ ತಲೆ ತಗ್ಗಿತು. ಜಯವಂತ ಅಂಕಲ್ ನನ್ನ ಕಡೆ ತಿರುಗಿದರು.

"ನಿಮ್ಮಿ, ಇದನ್ನ ಹೇಳಿದವರು ಯಾರು?"

ಮತ್ತೆ ಸಾಲನ್ನು ನೋಡಿದೆ. "ಶಿಷ್ಯರು."

"ಯೇಸು ಅಲ್ಲ?"

"ಅಲ್ಲ. ಶಿಷ್ಯರು ಕೇಳಿದ್ದು. ಅದು ಬರೀ ಪ್ರಶ್ನೆ."

"ಹಂಗಾದ್ರ ಉತ್ತರ ಓದು."

ಓದಿದೆ. ಇವನೂ ಅಲ್ಲ, ಇವನ ತಂದೆತಾಯಿಯೂ ಅಲ್ಲ. ನನ್ನ ಬಾಯಿಂದಲೇ ಬಂದ ಮಾತಿನ ಅರ್ಥ ನನಗೆ ಆಗ ಹೊಳೆಯಿತು. ಕುರ್ಚಿಯಿಂದಿಳಿದು ಸ್ವೀಡಿಷ್ ಸತ್ಯವೇದವನ್ನು ಎಳೆದುಕೊಂಡೆ. ಅದನ್ನು ನಾನು ಸರಾಗವಾಗಿ ಓದಬಲ್ಲವಳಾಗಿದ್ದೆ.

"ಇದರಲ್ಲೂ ಅಲ್ಲ ಅಂತಾನೇ ಇದೆ ಅಮ್ಮ!"

"ಇಂಗ್ಲಿಷಲ್ಲೂ" ಎಂದರು ಅಪ್ಪ.

ಐದು ನಿಮಿಷದ ಮೌನ ಆಯಿತು. ಅದುವರೆಗೆ ಆ ಗುಂಪಿನಲ್ಲಿ ಬಾಯಿಯೇ ಬಿಡದ ಅಮ್ಮ ಅಂದು ಮಾತಾಡಿದರು. "ಆದ್ರೆ ಅದೇ ಸಾಲಲ್ಲಿ, ದೇವರ ಕೆಲಸ ಇವನಲ್ಲಿ ಕಾಣಿಸ್ಲಿ ಅಂತ ಹೀಗಾಯ್ತು ಅಂತಿದೆಯಲ್ಲ. ಕಾಣಿಸೋಕೋಸ್ಕರ ಒಂದು ಮಗೂನ ಕುರುಡು ಮಾಡೋದಾ?"

ಗೋಡೆಯಾಚೆ ಬಟ್ಟೆ ಒಣಗಿಸುವ ಯಂತ್ರ ಗುಂಯ್‌ಗುಡುತ್ತಿತ್ತು.

"ನನಗೂ ಗೊತ್ತಿಲ್ಲ ಅಕ್ಕ" ಎಂದರು ಜಯವಂತ ಅಂಕಲ್. "ಗೊತ್ತೈತಿ ಅಂದ್ರ ಸುಳ್ಳಾಗತ್ತ. ಯಾರ ತಪ್ಪು ಅನ್ನೋ ಮಾತು ಇಲ್ಲಿಗೆ ಮುಗೀತು. ನಿಮ್ಮ ಪ್ರಶ್ನೆ ಮುಗಿದಿಲ್ಲ. ಇರಲಿ, ಓದ್ತಾ ಹೋಗೋಣ."

ಆ ಅಧ್ಯಾಯಕ್ಕೆ ಇನ್ನೆರಡು ಭಾನುವಾರ ಹಿಡಿಯಿತು. ಕುರುಡನ ತಂದೆತಾಯಿ ಊರಿನ ದೊಡ್ಡವರಿಗೆ ಹೆದರಿ, ನಮ್ಮನ್ನು ಕೇಳಬೇಡಿ ಎನ್ನುವ ಭಾಗ ಬಂದಾಗ ಅಮ್ಮ, "ಆ ಹೆದರಿಕೆ ನನಗೆ ಗೊತ್ತು" ಎಂದು ಎಲ್ಲರ ಮುಖ ನೋಡಿಯೇ ಹೇಳಿದರು.

ಆದರೆ ನನಗೆ ಹೆಚ್ಚು ನೆನಪಿರುವುದು ನಾನು ಓದಿದ ಆ ಮೊದಲ ಭಾನುವಾರದ ಕಾಫಿ ಹೊತ್ತು. ರೂಬಿ ಆಂಟಿ ನಿಪ್ಪಟ್ಟಿನ ಡಬ್ಬಿಯ ಮುಚ್ಚಳವನ್ನೂ ತೆಗೆಯದೆ ಅಮ್ಮನ ಪಕ್ಕ ಬಂದು ಕೂತರು.

"ನಾನು ಓದಿ ಹೇಳಿದ್ದಲ್ಲ ಕಣೆ. ನನ್ನ ಮೊದಲನೇ ಮಗು ಹೋದಾಗ ನನಗೆ ಹೀಗೇ ಹೇಳಿದ್ರು. ಇಪ್ಪತ್ತು ವರ್ಷ ಅದನ್ನೇ ನಂಬ್ಕೊಂಡು ಬಂದೆ."

ಅಮ್ಮ ಅವರ ಎರಡೂ ಕೈಗಳನ್ನು ಹಿಡಿದುಕೊಂಡರು. ಇಬ್ಬರೂ ಅತ್ತರು. ಸ್ವಲ್ಪ ಹೊತ್ತಿನ ಮೇಲೆ ಆಂಟಿ ನನ್ನನ್ನು ಕರೆದು, "ಕೈಯಲ್ಲಿ 'ತಪ್ಪಾಯ್ತು' ಅನ್ನೋದು ಹೇಗೆ ಪುಟ್ಟಿ?" ಎಂದು ಕೇಳಿದರು. ತೋರಿಸಿದೆ. ಅವರು ಆಶುವಿನ ಮುಂದೆ ಮಂಡಿಯೂರಿ ಮಾಡಿದ ಸನ್ನೆ ಪೂರಾ ತಪ್ಪಾಗಿತ್ತು. ಅವನು ಗಂಭೀರವಾಗಿ ಅವರ ಬೆರಳುಗಳನ್ನು ಒಂದೊಂದಾಗಿ ಸರಿಪಡಿಸಿದ. ಸರಿಯಾದ ಮೇಲೆ ಖುಷಿಯಿಂದ ಕುಣಿದ. ಯಾಕೆ ಕೇಳುತ್ತಿದ್ದಾರೆಂದು ಅವನಿಗೆ ತಿಳಿಯಲೇ ಇಲ್ಲ.

ಮುಂದಿನ ಬುಧವಾರ ಅಮ್ಮ ನಮ್ಮ ಜೊತೆ ಕೂತು ಊಟ ಮಾಡಿದರು.

ಆ ಗುಂಪು ಇನ್ನೂ ಮೂರು ವರ್ಷ ನಡೆಯಿತು. ಜಯವಂತ ಅಂಕಲ್ ಪದವಿ ಮುಗಿಸಿ ಹೋದರು, ರೂಬಿ ಆಂಟಿ ಮೈಸೂರಿಗೆ ಮರಳಿದರು, ಉಳಿದವರು ಒಬ್ಬೊಬ್ಬರಾಗಿ ಸ್ಟಾಕ್‌ಹೋಮ್ ಸೇರಿದರು. ಆಶು ಈಗ ಎಸ್ಕಿಲ್‌ಸ್ಟುನಾದಲ್ಲಿ ಎಂಜಿನಿಯರ್. ಮನೆಗೆ ಬಂದರೆ ಅವನ ಕೈಗಳಿಗೆ ಬಿಡುವೇ ಇಲ್ಲ, ಅಷ್ಟು ಮಾತು. ನನ್ನ ಫೋನಿಗೆ ದಿನವೂ ಬೆಳಿಗ್ಗೆ ಹೂವಿನ ಚಿತ್ರದ ಮೇಲೆ ಸತ್ಯವೇದದ ಒಂದು ವಚನ ಬರುತ್ತದೆ. ಹಿಂದೆ ಮುಂದೆ ಏನಿತ್ತೆಂದು ನೋಡದೆ ಕೈಮುಗಿಯುವ ಗುರುತು ಒತ್ತಿ ಟ್ರೇನು ಹತ್ತುತ್ತೇನೆ. ಒಂದೇ ಸಾಲಿನ ಮುಂದೆ ಹತ್ತು ಜನ ಒಟ್ಟಿಗೆ ಕೂರುವಷ್ಟು ಪುರುಸೊತ್ತು ನಮ್ಮ ಕೈತಪ್ಪಿ ಹೋಗಿದೆ.

ಈ ಚಳಿಗಾಲ ಮೂರು ಮನೆಯವರನ್ನು ನಮ್ಮಲ್ಲಿಗೆ ಓದಲು ಕರೆದಿದ್ದೇನೆ. ಎಲ್ಲರೂ ಬರುತ್ತೇವೆ ಎಂದಿದ್ದಾರೆ. ಒಂದು ಗಂಟೆಯೊಳಗೆ ಮುಗಿಯುತ್ತದೆಯೇ ಎಂದು ಒಬ್ಬರು ಕೇಳಿದ್ದಾರೆ. ಅದಕ್ಕೆ ನಾನಿನ್ನೂ ಉತ್ತರ ಬರೆದಿಲ್ಲ.