ಮಂಗನ ಪೂಜೆಗೆ ಬಂದವರ ಕೈಗೆ ಎಣ್ಣೆ

ಕೇಳಿ ಮಾರಾಯ್ರೆ, ಇವತ್ತು ಬೆಳಿಗ್ಗೆ ನಮ್ಮ ಕೇರಿಯ ಹಿಂದಿನ ಕಾಡಂಚಿನಲ್ಲಿ ಒಂದು ಮಂಗ ಸತ್ತು ಬಿದ್ದಿತ್ತು. ಸಿದ್ದಾಪುರದ ಕಡೆ ಈಗ ಮಂಗನ ಕಾಯಿಲೆಯ ಕಾಲ. ಸತ್ತ ಮಂಗನ ಮೈಯಿಂದ ಇಳಿದ ಉಣುಗು ಹುಳ ಕಚ್ಚಿದರೆ ಆ ಜ್ವರ ನಮಗೆ. ಆಶಾ ಕಾರ್ಯಕರ್ತೆಯಾದ ನಾನು ಓಡಿಹೋಗಿ ನೋಡಿದರೆ, ಗಣಪಜ್ಜ ಹೂವು, ಕಾಯಿ, ಹಾರೆ ಹಿಡಿದು ಏಳೆಂಟು ಜನರ ಜೊತೆ ಅದನ್ನು ಹೂಳಲು ಹೊರಟಿದ್ದರು.

"ಅಜ್ಜ, ಹತ್ರ ಹೋಗ್ಬೇಡಿ. ಇಲಾಖೆಯವ್ರು ಬಂದು ಸುಡ್ತಾರೆ."

"ಹನುಮಂತ ದೇವ್ರನ್ನ ಹಾಗೇ ಬಿಟ್ಟು ಹೋಗೂಕಾಗ್ತದನೇ ತಂಗಿ?"

ದೇವರ ವಿಷಯದಲ್ಲಿ ಅಜ್ಜನ ಹತ್ತಿರ ವಾದ ಮಾಡಿ ಗೆದ್ದವರಿಲ್ಲ. "ಪೂಜೆ ಇಲ್ಲಿಂದ್ಲೇ ಮಾಡಿ. ಅದಕ್ಕೂ ಮೊದ್ಲು ಎಲ್ರೂ ಈ ಎಣ್ಣೆ ಹಚ್ಕಳಿ" ಎಂದು ಉಣುಗು ಹತ್ತದಂತೆ ಹಚ್ಚುವ ಎಣ್ಣೆಯ ಬಾಟಲಿ ತೆಗೆದೆ. ತಿಂಗಳಿಂದ ವಾಸನೆ ಎಂದು ಮುಟ್ಟದಿದ್ದ ಜನ ಸಾಲಾಗಿ ನಿಂತು, ತೀರ್ಥಕ್ಕೆ ಒಡ್ಡುವಂತೆ ಬಲಗೈ ಒಡ್ಡಿದರು.

ಸಾಲು ಸಿಕ್ಕ ಮೇಲೆ ಬಿಡುವುದುಂಟೇ? ಎಲ್ಲರ ಬಿಪಿ ನೋಡಿದೆ. ಜ್ವರದ ಗಲಾಟೆಯಲ್ಲಿ ಎರಡು ವಾರದಿಂದ ನನ್ನ ಕೈಗೆ ಸಿಗದಿದ್ದ ಬಸುರಿ ಸವಿತಾಳಿಗೂ ಅಲ್ಲೇ ಕಬ್ಬಿಣದ ಮಾತ್ರೆ ಕೊಟ್ಟೆ.

ಕೊನೆಗೆ ಬಂದ ಗಣಪಜ್ಜ ಅಭ್ಯಾಸಬಲದಿಂದ ಅಂಗೈಯನ್ನು ಬಾಯಿಗೇ ಒಯ್ದರು. ನಾನು ಕೈ ಹಿಡಿದೆ.

"ಅಜ್ಜ, ಇದು ಹೊರಗಿಂದ ಕಾಯೋ ದೇವ್ರು."

ಅಜ್ಜ ನಕ್ಕು ಕೈಕಾಲಿಗೆಲ್ಲ ಹಚ್ಚಿಕೊಂಡರು. ಉಳಿದದ್ದನ್ನು ಕಣ್ಣು ಮುಚ್ಚಿ ತಲೆಗೆ ಸವರಿಕೊಂಡರು.