ಹೋಮ್ ಪ್ಲೇಟಿನ ಹಿಂದಿನ ದನಿ

ದೆವ್ವ, ಶಕುನ, ಅಶರೀರವಾಣಿ ಇಂಥವುಗಳನ್ನು ನಾನು ನಂಬಿದವನಲ್ಲ. ಯಾರಾದರೂ ಅಂಥ ಕಥೆ ಶುರುಮಾಡಿದರೆ ಮುಖ ಗಂಭೀರವಾಗಿಟ್ಟುಕೊಂಡು ಕೇಳಿ, ಆಮೇಲೆ ಹೆಂಡತಿಯ ಮುಂದೆ ನಗುತ್ತಿದ್ದೆ. ನನ್ನ ಕೆಲಸವೂ ಅಂಥದೇ. ಸ್ವೀಡನ್ನಿನ ಮೋಲ್ನ್‌ಡಾಲ್‌ನಲ್ಲಿ ಔಷಧಿ ತಯಾರಿಸುವ ಕಂಪನಿಯೊಂದರ ಲ್ಯಾಬಿನಲ್ಲಿ ಮಾತ್ರೆಗಳ ಗುಣಮಟ್ಟ ಪರೀಕ್ಷಿಸುವವನು ನಾನು. ಒಂದು ಸಲ ಬಂದ ಫಲಿತಾಂಶ ನಮಗೆ ಫಲಿತಾಂಶವೇ ಅಲ್ಲ, ಮತ್ತೊಮ್ಮೆ ಬರಬೇಕು. ಈಗ ಹೇಳಹೊರಟಿರುವ ಸಂಗತಿ ನನಗೆ ಒಂದೇ ಸಲ ಆದದ್ದು. ಇನ್ನೊಮ್ಮೆ ಆಗುವುದೂ ಬೇಡ. ಆದರೂ ಬರೆಯುತ್ತಿದ್ದೇನೆ, ಏಕೆಂದರೆ ನನ್ನ ಮಗಳು ಮೇಧಾ ಈ ಹೊತ್ತು ಪಕ್ಕದ ಕೋಣೆಯಲ್ಲಿ ಫೋನಿನಲ್ಲಿ ಗೆಳತಿಯ ಜೊತೆ ಹರಟುತ್ತಿರುವುದಕ್ಕೆ ನಾನು ಯಾರಿಗೋ ಋಣಿ. ಯಾರಿಗೆ ಎಂಬುದೇ ತಿಳಿದಿಲ್ಲ.

ನಮ್ಮ ಮನೆಯಿಂದ ಸ್ವಲ್ಪವೇ ದೂರದಲ್ಲಿ ಒಂದು ಬೇಸ್‌ಬಾಲ್ ಮೈದಾನವಿದೆ. ಸ್ವೀಡನ್ನಿನಲ್ಲಿ ಬೇಸ್‌ಬಾಲ್ ಎಂದರೆ ಹುಬ್ಬಳ್ಳಿಯಲ್ಲಿ ಐಸ್ ಹಾಕಿ ಎಂದಂತೆ, ಆಡುವವರಿಗಿಂತ ಅಚ್ಚರಿಪಡುವವರೇ ಹೆಚ್ಚು. ಆದರೂ ಅಲ್ಲಿ ಆಡುವ ಕ್ಲಬ್ಬಿಗೆ ತನ್ನದೇ ಆದ ಇತಿಹಾಸವಿದೆ. ಒಂದು ಕಾಲಕ್ಕೆ ಸಂಬಳ ಕೊಟ್ಟು ಅಮೆರಿಕದಿಂದ, ವೆನೆಜುವೆಲಾದಿಂದ ಆಟಗಾರರನ್ನು ಕರೆಸಿದ್ದ ತಂಡವಂತೆ ಅದು. ಈಗ ಸಂಬಳವೂ ಇಲ್ಲ, ಅಮೆರಿಕದವರೂ ಇಲ್ಲ. ಸಂಜೆ ಮಕ್ಕಳು ಆಡುತ್ತಾರೆ, ಅಪ್ಪ ಅಮ್ಮಂದಿರು ಸರದಿಯಂತೆ ಕಾಫಿ ಕಾಯಿಸುತ್ತಾರೆ.

ಮೇಧಾ ಹತ್ತು ವರ್ಷದವಳಿದ್ದಾಗ ಶಾಲೆಯ ಗೆಳತಿಯ ಬೆನ್ನು ಹತ್ತಿ ಅಲ್ಲಿಗೆ ಹೋದಳು. ಕ್ಯಾಚರ್ ಆದಳು. ಬ್ಯಾಟ್ ಬೀಸುವವರ ಬೆನ್ನಿಗೆ, ಹೋಮ್ ಪ್ಲೇಟ್ ಎಂಬ ಬಿಳಿ ರಬ್ಬರ್ ತುಂಡಿನ ಹಿಂದೆ, ಕುಕ್ಕರುಗಾಲಲ್ಲಿ ಕೂತು ಚೆಂಡು ಹಿಡಿಯುವ ಕೆಲಸ. ನಮ್ಮ ವಿಕೆಟ್‌ಕೀಪರನ ಅಣ್ಣತಮ್ಮ ಎನ್ನಬಹುದು. ಮುಖಕ್ಕೆ ಕಬ್ಬಿಣದ ಜಾಲರಿ, ಎದೆಗೆ ಕವಚ, ಮೊಣಕಾಲಿಗೆ ಪ್ಯಾಡು. ಇಷ್ಟೆಲ್ಲ ಕಟ್ಟಿಕೊಂಡರೆ ನನ್ನ ಹುಡುಗಿ ಯಾರು ಎಂದು ನನಗೇ ಗುರುತು ಸಿಗುತ್ತಿರಲಿಲ್ಲ.

ಕ್ಲಬ್ಬಿನ ಕಥೆಗಳನ್ನೆಲ್ಲ ನಮಗೆ ಹೇಳುತ್ತಿದ್ದವರು ಲೆನ್ನಾರ್ಟ್. ಎಂಬತ್ತರ ಹತ್ತಿರದ ಮನುಷ್ಯ, ಪ್ರಾಯದಲ್ಲಿ ಅದೇ ತಂಡಕ್ಕೆ ಆಡಿದವರು. ಪಂದ್ಯದ ದಿನ ಕಾಫಿ ಫ್ಲಾಸ್ಕಿನ ಪಕ್ಕದ ಕುರ್ಚಿ ಅವರಿಗೆ ಮೀಸಲು. ಕಪ್ಪು ಹಿಡಿದು ಹೋದವರು ಒಂದು ಕಥೆ ಕೇಳದೆ ವಾಪಸು ಬರುವಂತಿರಲಿಲ್ಲ. ಹಡಗಿನ ಅಡಿಗೆಯವನೊಬ್ಬ ಅಮೆರಿಕದಿಂದ ಒಂದೇ ಒಂದು ಗ್ಲವ್ ತಂದು ಈ ತಂಡ ಕಟ್ಟಿದ್ದು, ಹಿಮದಲ್ಲಿ ಚೆಂಡು ಕಾಣಲೆಂದು ಅದಕ್ಕೆ ಕೆಂಪು ಬಣ್ಣ ಬಳಿದು ಅಭ್ಯಾಸ ಮಾಡಿದ್ದು, ಒಂದು ವರ್ಷ ಆಡಿದ ಪಂದ್ಯಗಳನ್ನೆಲ್ಲ ಸೋತು ಕೊನೆಯ ದಿನ ಗೆದ್ದವರಿಗಿಂತ ಜೋರಾಗಿ ಕುಣಿದದ್ದು, ಹೀಗೆ. ಈ ಕಥೆಗಳು ನನಗೆ ಇಷ್ಟವಾಗುತ್ತಿದ್ದವು. ಒಂದರ ಹೊರತು.

ಆ ಒಂದು ಕಥೆ ಹೋಮ್ ಪ್ಲೇಟಿನ ಹಿಂದಿನ ದನಿಯದು. ಮೂರನೇ ಬೇಸಿನಿಂದ, ಅಂದರೆ ಓಟದ ಕೊನೆಯ ನಿಲ್ದಾಣದಿಂದ, ಹೋಮಿನತ್ತ ಓಡಿಬರುವವನಿಗೆ ಯಾವಾಗಲೋ ಒಮ್ಮೆ, ಪ್ಲೇಟಿನ ಹಿಂದೆ ಕಟ್ಟಿರುವ ಬಲೆಯ ಆಚೆಯಿಂದ ಯಾರೋ ‘ನಿಲ್ಲು’ ಎಂದಂತೆ ಕೇಳಿಸುತ್ತದಂತೆ. ಫಿನ್‌ಲ್ಯಾಂಡಿನಿಂದ ಬಂದಿದ್ದ ವೆಲ್ಡರ್ ಒಬ್ಬನಿಗೆ ಅದು ಫಿನ್ನಿಶ್‌ನಲ್ಲಿ ಕೇಳಿಸಿತು. ವೆನೆಜುವೆಲಾದವನಿಗೆ ಅವನ ಹಳ್ಳಿಯ ಸ್ಪ್ಯಾನಿಶ್‌ನಲ್ಲಿ. ಇಬ್ಬರೂ ನಿಲ್ಲಲಿಲ್ಲ. ಒಬ್ಬ ಕಾಲು ಉಳುಕಿಸಿಕೊಂಡ, ಇನ್ನೊಬ್ಬ ಕ್ಯಾಚರನಿಗೆ ಡಿಕ್ಕಿ ಹೊಡೆದು ಭುಜದ ಮೂಳೆ ಮುರಿದುಕೊಂಡ.

“ಓಡಿದವರು ಬೀಳೋದು ಸಹಜ. ಬಿದ್ದ ಮೇಲೆ ಏನಾದರೂ ಕೇಳಿಸಿತ್ತು ಅನ್ನೋದೂ ಸಹಜ” ಎಂದು ನಾನು ನನ್ನ ಹರಕು ಸ್ವೀಡಿಷ್‌ನಲ್ಲಿ ವಾದಿಸಿದ್ದೆ. ಲೆನ್ನಾರ್ಟ್ ಬೇಸರ ಮಾಡಿಕೊಳ್ಳಲಿಲ್ಲ. ಇನ್ನೊಂದು ದಾಲ್ಚಿನ್ನಿ ಬನ್ನು ನನ್ನ ಕೈಗಿಟ್ಟು, “ಇರಬಹುದು” ಎಂದರು.

ಮೇಧಾಳಿಗೆ ಹದಿಮೂರು ತುಂಬಿದ ವರ್ಷದ ಸೆಪ್ಟೆಂಬರ್. ಋತು ಮುಗಿಯುವಾಗ ಅಲ್ಲಿ ಮಕ್ಕಳ ತಂಡಕ್ಕೂ ಅಪ್ಪ ಅಮ್ಮಂದಿರಿಗೂ ಒಂದು ಪಂದ್ಯ ಇಡುವ ರೂಢಿಯಿದೆ. ಅಪ್ಪ ಅಮ್ಮಂದಿರು ಸೋಲಬೇಕೆಂಬುದೂ ರೂಢಿಯೇ. ಅದಕ್ಕಾಗಿ ನಾವೇನೂ ಕಷ್ಟಪಡಬೇಕಿರಲಿಲ್ಲ. ಶನಿವಾರ ಮಧ್ಯಾಹ್ನ, ಒಳ್ಳೆಯ ಬಿಸಿಲು. ಆದರೆ ಸಮುದ್ರದ ಕಡೆಯಿಂದ ಗಾಳಿ ಜೋರಾಗಿಯೇ ಬೀಸುತ್ತಿತ್ತು. ನನ್ನ ಹೆಂಡತಿ ಸುಮಾ ಮೂರನೇ ಬೇಸಿನ ಪಕ್ಕದ ಬೆಂಚಿನ ಮೇಲೆ ಶಾಲು ಹೊದ್ದು ಕೂತು ಫೋನಿನಲ್ಲಿ ವಿಡಿಯೊ ಮಾಡುತ್ತಿದ್ದಳು. ಊರಿಗೆ ಕಳಿಸುವುದಕ್ಕಲ್ಲ, ನನ್ನನ್ನು ಜೀವಮಾನವಿಡೀ ರೇಗಿಸುವುದಕ್ಕೆ.

ರೇಗಿಸಲು ಕಾರಣವೂ ಇತ್ತು. ನಾನು ಹುಬ್ಬಳ್ಳಿಯ ಕಾಲೊನಿಯೊಂದರ ಬಯಲಿನಲ್ಲಿ ಟೆನಿಸ್ ಬಾಲ್ ಕ್ರಿಕೆಟ್ ಆಡಿ ಬೆಳೆದವನು. ಬೇಸ್‌ಬಾಲಿನಲ್ಲಿ ಚೆಂಡು ಹೊಡೆದ ಕೂಡಲೇ ಬ್ಯಾಟ್ ಬಿಸಾಡಿ ಓಡಬೇಕು. ನಾನು ಬ್ಯಾಟ್ ಹಿಡಿದೇ ಓಡಿದೆ. ಮೊದಲನೆಯ ಬೇಸಿನಲ್ಲಿ ಅದನ್ನು ನೆಲಕ್ಕೆ ಉಜ್ಜಿ ಮುಟ್ಟಿಸಿಯೂ ಬಿಟ್ಟೆ. ಮಕ್ಕಳು ಬಿದ್ದು ಬಿದ್ದು ನಕ್ಕರು. ಜಾಲರಿಯ ಹಿಂದಿನಿಂದ ನನ್ನ ಮಗಳು, “ಅಪ್ಪಾ, ಸ್ಲೆಪ್ ಬ್ಯಾಟ್! ಡ್ರಾಪ್ ಮಾಡು ಅದನ್ನ!” ಎಂದು ಮೂರೂ ಭಾಷೆಯಲ್ಲಿ ತಲೆ ಚಚ್ಚಿಕೊಂಡಳು. ಹೇಗೋ ಏನೋ, ಉಳಿದವರ ಪುಣ್ಯದಿಂದ ನಾನು ಎರಡನೆಯ ಬೇಸು ದಾಟಿ ಮೂರನೆಯದಕ್ಕೆ ಬಂದು ನಿಂತೆ. ಅಲ್ಲಿಂದ ಮುಂದೆ ಹೋಮ್ ಪ್ಲೇಟ್. ಅದನ್ನು ಮುಟ್ಟಿದರೆ ಒಂದು ರನ್ನು.

ಮುಂದಿನ ಹೊಡೆತಕ್ಕೆ ಚೆಂಡು ಉರುಳುತ್ತ ದೂರ ಹೋಯಿತು. ನಾನು ಓಡಿದೆ. ಹುಡುಗನೊಬ್ಬ ಅದನ್ನು ಹೆಕ್ಕಲು ತಡವರಿಸುತ್ತಿದ್ದ. ಸುಲಭದ ರನ್ನು. ಎದುರಿಗೆ ಹೋಮ್ ಪ್ಲೇಟಿನ ಮೇಲೆ ಮೇಧಾ ಚೆಂಡಿಗಾಗಿ ಕೈಚಾಚಿ ನಿಂತಿದ್ದಳು. ಅವಳ ಹಿಂದೆ ಅಂಪೈರ್ ಆಗಿದ್ದ ಇನ್ನೊಬ್ಬ ಹುಡುಗಿಯ ತಂದೆ. ಅವರ ಹಿಂದೆ ಬಲೆ, ಬಲೆಯನ್ನು ಎತ್ತಿ ಹಿಡಿದ ಎತ್ತರದ ಹಳೆಯ ಮರದ ಕಂಬ. ಎಲ್ಲರೂ “ಸ್ಪ್ರಿಂಗ್! ಸ್ಪ್ರಿಂಗ್!” ಎಂದು, ಅಂದರೆ ಓಡು ಓಡು ಎಂದು ಕೂಗುತ್ತಿದ್ದರು.

ಅರ್ಧ ದಾರಿಯಲ್ಲಿ ನನಗೆ ಕೇಳಿಸಿತು.

“ತಮ್ಮಾ, ತಡಿ. ಅಲ್ಲೇ ನಿಂದ್ರು.”

ಕೂಗಿದ್ದಲ್ಲ. ಕಟ್ಟೆಯ ಮೇಲೆ ಕೂತ ಹಿರಿಯರು ಹಾದುಹೋಗುವ ಹುಡುಗನಿಗೆ ಹೇಳುವಂತೆ, ಅವಸರವಿಲ್ಲದೆ ಹೇಳಿದ್ದು. ಅಷ್ಟು ಗದ್ದಲದಲ್ಲಿ ಅದು ಕೇಳಿಸಬಾರದಿತ್ತು. ಆದರೆ ಪ್ರತಿಯೊಂದು ಅಕ್ಷರವೂ ಕೇಳಿಸಿತು, ಕಂಬದ ಬುಡದ ಕಡೆಯಿಂದ.

ನಾನು ನಿಂತುಬಿಟ್ಟೆ. ಯೋಚಿಸಿ ನಿಂತದ್ದಲ್ಲ. ಕ್ರಿಕೆಟ್ ಆಡಿದವರಿಗೆ ಇದು ಗೊತ್ತು. ಪಿಚ್ಚಿನ ನಡುವೆ ಜೊತೆಗಾರ ‘ನೋ’ ಎಂದರೆ ಕಾಲು ತಾನಾಗಿ ನಿಲ್ಲುತ್ತದೆ. ಏಕೆ ಎಂದು ಕೇಳುವುದೆಲ್ಲ ಆಮೇಲೆ. ಬೇಸ್‌ಬಾಲಿನಲ್ಲಿ ಬೆಳೆದವನಾಗಿದ್ದರೆ ಖಂಡಿತ ನಿಲ್ಲುತ್ತಿರಲಿಲ್ಲ. ಅಲ್ಲಿ ಒಬ್ಬೊಬ್ಬರು ಓಡುವುದು ಅವರವರ ಪಾಡಿಗೆ.

ಅಷ್ಟರಲ್ಲಿ ಚೆಂಡು ಮೇಧಾಳ ಕೈಸೇರಿತು. ನಾನು ಗೂಟ ಬಡಿದಂತೆ ನಿಂತದ್ದನ್ನು ಕಂಡು ಅವಳಿಗೆ ನಗು ತಡೆಯಲಾಗಲಿಲ್ಲ. ಓಡುವವನು ತಾನಾಗಿ ಬರದಿದ್ದರೆ ಕ್ಯಾಚರ್ ಚೆಂಡು ಹಿಡಿದು ಹೋಗಿ ಮುಟ್ಟಿದರೂ ಅವನು ಔಟು. ಅವಳು ಜಾಲರಿಯನ್ನು ತಲೆಯ ಮೇಲಕ್ಕೆ ಸರಿಸಿ ನನ್ನತ್ತ ಓಡಿಬಂದಳು. ತೀರ್ಪು ಕೊಡಬೇಕಾದ ಅಂಪೈರೂ ಅವಳ ಹಿಂದೆ ಬಂದರು. ಗ್ಲವ್ ಸಮೇತ ಚೆಂಡನ್ನು ನನ್ನ ಹೊಟ್ಟೆಗೆ ಒತ್ತಿ, “ಪಪ್ಪಾ, ವಾದ್ ಯೋರ್ ದೂ?” ಎಂದಳು. ಏನು ಮಾಡ್ತಿದ್ದೀಯಾ ಎಂದು.

ಆಗ ಅವಳ ಬೆನ್ನ ಹಿಂದೆ ಲಟಕ್ಕೆಂದು ಸದ್ದಾಯಿತು. ಕಂಬ ಬುಡದಲ್ಲಿ ಮುರಿದು, ಬಲೆಯನ್ನೂ ಅದರ ತಂತಿಗಳನ್ನೂ ಎಳೆದುಕೊಂಡು, ಹೋಮ್ ಪ್ಲೇಟಿನ ಮೇಲೆ ಅಡ್ಡಡ್ಡ ಬಿತ್ತು. ನೆಲ ನಡುಗಿದ್ದು ನನ್ನ ಅಂಗಾಲಿಗೆ ಗೊತ್ತಾಯಿತು. ಎದ್ದ ಕೆಂಪು ಧೂಳು ಗಾಳಿಗೆ ನಮ್ಮ ಮೇಲೆಯೇ ಬಂತು.

ನಾನು ಮಗಳನ್ನು ಕವಚದ ಸಮೇತ ಅಪ್ಪಿಕೊಂಡೆ. ಸುಮಾ ಎಲ್ಲಿಂದ ಹೇಗೆ ಓಡಿಬಂದಳೋ, ಅವಳ ಒಂದು ಚಪ್ಪಲಿ ಬೆಂಚಿನ ಹತ್ತಿರವೇ ಉಳಿದಿತ್ತು. ಸ್ವಲ್ಪ ಹೊತ್ತಿನ ಬಳಿಕ ಮೇಧಾ, “ಅಪ್ಪಾ, ಉಸಿರಾಡೋಕೆ ಆಗ್ತಿಲ್ಲ” ಎಂದಳು. ಕನ್ನಡದಲ್ಲಿ. ಆಗ ಬಿಟ್ಟೆ.

ಕಂಬ ಮಣ್ಣಿನೊಳಗೆ ಕೊಳೆತಿತ್ತೆಂದು ಆಮೇಲೆ ತಿಳಿಯಿತು. ಮೇಲೆ ಬಣ್ಣ ಹೊಸದಾಗಿದ್ದರಿಂದ ಯಾರಿಗೂ ಅನುಮಾನ ಬಂದಿರಲಿಲ್ಲ. ಕಂಬ ಬಿದ್ದದ್ದಕ್ಕೆ ಕಾರಣವಿದೆ, ಅದರಲ್ಲಿ ವಿಚಿತ್ರವೇನಿಲ್ಲ. ನಾನು ನಿಂತದ್ದಕ್ಕೆ ಕಾರಣ ಹುಡುಕುತ್ತಲೇ ಇದ್ದೇನೆ.

ಆ ದಿನ ಮೈದಾನದಲ್ಲಿ ಕನ್ನಡ ಬಲ್ಲವರು ನಾವು ಮೂವರೇ. ಸುಮಾ ಮೈಸೂರಿನವಳು. ‘ನಿಂದ್ರು’ ಎಂಬ ಮಾತು ಅವಳ ಬಾಯಲ್ಲಿ ಬರುವುದು ನನ್ನನ್ನು ಅಣಕಿಸುವಾಗ ಮಾತ್ರ. ನಾನೂ ಅದನ್ನು ಎಂದೋ ಬಿಟ್ಟಿದ್ದೆ. ಇಲ್ಲಿಯ ಕನ್ನಡದವರ ನಡುವೆ, ಮನೆಯಲ್ಲಿ, ಎಲ್ಲ ಕಡೆ ನನ್ನದು ಬೆಂಗಳೂರಿನ ಕಡೆಯ ಕನ್ನಡವೇ ಆಗಿಹೋಗಿದೆ. ನನ್ನನ್ನು ಯಾರಾದರೂ ತಮ್ಮಾ ಎಂದು ಕರೆದು ಎಷ್ಟು ವರ್ಷವಾಗಿತ್ತೋ, ಹಾಗೆ ಕರೆಯುತ್ತಿದ್ದ ಮನೆಯ ಹಿರಿಯರು ಈಗ ಯಾರೂ ಇಲ್ಲ. ಮರದ ಲಟಲಟ ಸದ್ದನ್ನೇ ನನ್ನ ಮಿದುಳು ಮಾತಾಗಿ ಕೇಳಿಸಿಕೊಂಡಿತು ಎಂದು ನಾನೇ ಒಂದು ವಿವರಣೆ ಕಟ್ಟಿದೆ. ಆದರೆ ಕಂಬದ ಪಕ್ಕದಲ್ಲೇ ಇದ್ದ ಮೇಧಾಳಿಗಾಗಲಿ ಅಂಪೈರಿಗಾಗಲಿ ನಾನು ನಿಂತ ಆ ಹೊತ್ತಿನಲ್ಲಿ ಯಾವ ಸದ್ದೂ ಕೇಳಿಸಿರಲಿಲ್ಲ.

ಆಮೇಲೆ ಆ ವಿಡಿಯೊ. ಅದನ್ನು ನೋಡುವ ಧೈರ್ಯ ಬರಲು ನಮಗೆ ಕೆಲವು ದಿನ ಹಿಡಿಯಿತು. ಗಾಳಿಯ ಸದ್ದು, ಸ್ಪ್ರಿಂಗ್ ಸ್ಪ್ರಿಂಗ್ ಎಂಬ ಕೂಗು ಬಿಟ್ಟರೆ ಅದರಲ್ಲಿ ನನಗೆ ಬೇರೆ ದನಿ ಕೇಳಿಸಲಿಲ್ಲ. ನನಗೆ ಅರ್ಧ ಸಮಾಧಾನವಾಗಿ ಫೋನ್ ಇಡಲು ಹೋದೆ. ಸುಮಾ ಕೈ ಹಿಡಿದಳು.

“ಇನ್ನೊಂದ್ ಸಲ ಹಾಕು. ನೀನು ನಿಂತ್ಕೊಂಡಿದ್ಯಲ್ಲ, ಆಗ ಏನೋ ಅಂದೆ.”

ಹಾಕಿದೆ. ಓಡುತ್ತಿದ್ದವನು ನಿಲ್ಲುತ್ತೇನೆ. ತಲೆ ಸ್ವಲ್ಪ ಬಲಕ್ಕೆ ತಿರುಗಿಸುತ್ತೇನೆ, ಬಲೆಯ ಆಚೆಗೆ. ಅಲ್ಲಿ ಹುಲ್ಲು ಬಿಟ್ಟರೆ ಏನಿಲ್ಲ. ಏದುಸಿರು ಬಿಡುತ್ತ, ಸ್ಪಷ್ಟವಾಗಿ, “ಹೂಂನ್ರಿ” ಎನ್ನುತ್ತೇನೆ. ಊರಿನಲ್ಲಿ ದೊಡ್ಡವರಿಗೆ ಅನ್ನುತ್ತಿದ್ದ ಹಾಗೆ.

“ಯಾರಿಗೆ ಹೂಂನ್ರಿ ಅಂದಿದ್ದು?” ಎಂದು ಸುಮಾ ಮೆಲ್ಲಗೆ ಕೇಳಿದಳು. ನಾನು ಹಾಗೆ ಅಂದದ್ದು ನನಗೆ ನೆನಪೇ ಇರಲಿಲ್ಲ. ಇವತ್ತಿಗೂ ಇಲ್ಲ. ಅಂದಿನಿಂದ ಅವಳು ನನ್ನ ಹುಬ್ಬಳ್ಳಿ ಮಾತನ್ನು ಅಣಕಿಸುವುದನ್ನು ಬಿಟ್ಟಿದ್ದಾಳೆ.

ಲೆನ್ನಾರ್ಟ್ ಅವರಿಗೆ ಹೇಳಿದೆ. ನೋಡಿದೆಯಾ, ಆಗಲೇ ಹೇಳಿರಲಿಲ್ಲವೇ ಎಂದು ಅವರು ಅನ್ನಲಿಲ್ಲ. “ಕೇಳಿಸಿದವರು ಹಲವರು. ನಿಂತವನನ್ನು ನಾನು ಕಂಡದ್ದು ಇದೇ ಮೊದಲು” ಎಂದರು. ಆ ಮುದುಕನ ಕಣ್ಣಲ್ಲಿ ನೀರಿತ್ತು. ನನಗೂ ಬಂತು.

ಚಳಿಗಾಲ ಕಳೆದು ಏಪ್ರಿಲ್‌ನಲ್ಲಿ ಮೈದಾನ ಮತ್ತೆ ತೆರೆಯಿತು. ಹೊಸ ಉಕ್ಕಿನ ಕಂಬ, ಹೊಸ ಬಲೆ. ಸ್ವೀಡನ್ನಿನವರಿಗೆ ಒಂದು ಒಳ್ಳೆಯ ಅಭ್ಯಾಸವಿದೆ. ಯಾರನ್ನಾದರೂ ಎರಡನೆಯ ಸಲ ಕಂಡಾಗ ಮೊದಲು ಹಿಂದಿನ ಭೇಟಿಗಾಗಿ ಧನ್ಯವಾದ ಹೇಳುತ್ತಾರೆ. ಆ ಬೆಳಿಗ್ಗೆ ಒಬ್ಬೊಬ್ಬರಾಗಿ ಬಂದು ನನ್ನ ಕೈಕುಲುಕಿ ಹಾಗೆ ಹೇಳಿ ಹೋದರು. ನಾನೂ ಹೇಳಿದೆ. ಹೇಳುತ್ತ ಹೇಳುತ್ತ, ಇದನ್ನು ಮೊದಲು ಹೇಳಬೇಕಾದವರಿಗೇ ಹೇಳಿಲ್ಲವಲ್ಲ ಎನಿಸಿತು. ಕಾಫಿ ಕಪ್ಪು ಹಿಡಿದುಕೊಂಡು ಬಲೆಯ ಆಚೆಗೆ ಹೋದೆ. ಹುಲ್ಲು ಇನ್ನೂ ಹಸಿರಾಗಿರಲಿಲ್ಲ. ಏನು ಹೇಳುವುದು? ನಮ್ಮ ಕಡೆ ಮನೆಯ ಹಿರಿಯರಿಗೆ ಯಾರೂ ಥ್ಯಾಂಕ್ಸ್ ಹೇಳುವುದಿಲ್ಲ, ಹೇಳಿದರೆ ಬೈಸಿಕೊಳ್ಳುತ್ತೇವೆ. ಕೊನೆಗೆ, “ಆರಾಮ್ ಇದ್ದೀರೇನ್ರಿ?” ಎಂದೆ.

ಹಿಂದೆ ಮೇಧಾ ಬಂದು ನಿಂತಿದ್ದಳು, ಕವಚ ಪ್ಯಾಡು ಎಲ್ಲ ಕಟ್ಟಿಕೊಂಡು. ಅವಳಿಗೆ ವಿಷಯವೆಲ್ಲ ಗೊತ್ತಿತ್ತು.

“ಅಪ್ಪಾ, ಅದು ಅಜ್ಜನ ವಾಯ್ಸಾ, ಅಜ್ಜಿದಾ?”

ಮಾತು ಅಕ್ಷರಶಃ ನೆನಪಿದೆ. ಆದರೆ ದನಿ ಗಂಡಸಿನದೋ ಹೆಂಗಸಿನದೋ ಎಂದು ಎಷ್ಟು ತಿಣುಕಿದರೂ ಹೊಳೆಯಲಿಲ್ಲ. ಈ ಪ್ರಶ್ನೆಯನ್ನು ಅಷ್ಟು ದಿನ ಯಾರೂ, ನಾನು ಕೂಡ, ಕೇಳಿಕೊಂಡಿರಲಿಲ್ಲ.

“ಗೊತ್ತಿಲ್ಲ ಪುಟ್ಟಾ.”

ಅವಳು ಜಾಲರಿಯ ಹೆಲ್ಮೆಟ್ ತೆಗೆದು ಕಂಕುಳಲ್ಲಿಟ್ಟುಕೊಂಡು, ಆ ಖಾಲಿ ಹುಲ್ಲಿನತ್ತ ತಲೆಬಾಗಿಸಿ, “ಥ್ಯಾಂಕ್ಸ್ ಅಜ್ಜ. ಥ್ಯಾಂಕ್ಸ್ ಅಜ್ಜಿ. ಯಾರಿದ್ದೀರೋ ಅವ್ರಿಗೆ” ಎಂದಳು. ಹೆಲ್ಮೆಟ್ ಹಾಕಿಕೊಂಡು ಓಡಿಹೋಗಿ ತನ್ನ ಜಾಗದಲ್ಲಿ ಕೂತಳು.

ಆಮೇಲೆ ಎಷ್ಟೋ ಪಂದ್ಯಗಳಾಗಿವೆ. ಆ ದನಿ ನನಗೆ ಮತ್ತೆ ಕೇಳಿಸಿಲ್ಲ. ಅದು ಯಾರದೆಂದು ನನಗೆ ಗೊತ್ತಿಲ್ಲ. ಆದರೆ ಮೇಧಾ ಆ ಬಲೆಯತ್ತ ಬೆನ್ನು ಮಾಡಿ ಕೂತಾಗ ನನಗೆ ಹೆದರಿಕೆಯಾಗುವುದಿಲ್ಲ.